ಕಡಲ ತಳದ ನಡುಕ ಮತ್ತು ಗೇಜಿನ ಬಾವಿ

ಮದ್ದೂರು, ಮಳವಳ್ಳಿ ಕಡೆಯ ಹಳೆಯ ನಾಲೆಗಳ ಸೇತುವೆ, ತೂಬು, ಮೋರಿಗಳ ಪಕ್ಕದಲ್ಲಿ ಕಣ್ಣಿಟ್ಟು ಹುಡುಕಿದರೆ ಕಲ್ಲಿನ ಮೇಲೆ ಕೊರೆದ ಒಂದು ಗುರುತು ಸಿಗುತ್ತದೆ. ಒಂದು ಅಡ್ಡಗೆರೆ, ಅದರ ಕೆಳಗೆ ಬಾಣದ ಮೊನೆ. ನಾವು ಅದನ್ನು ಬೆಂಚ್‌ಮಾರ್ಕ್ ಎನ್ನುತ್ತೇವೆ. ಆ ಗೆರೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ರಿಜಿಸ್ಟರಿನಲ್ಲಿ ಬರೆದಿರುತ್ತದೆ. ನಾಲೆಯ ಇಳಿಜಾರು, ತೂಬಿನ ತಳ, ಗದ್ದೆ ಬಯಲಿನ ಏರುತಗ್ಗು ಎಲ್ಲವನ್ನೂ ಅಲ್ಲಿಂದಲೇ ಹಿಡಿಯಬೇಕು.

ಹಾಗಾದರೆ ಆ ಸಮುದ್ರ ಮಟ್ಟವನ್ನು ಎಲ್ಲಿ ಅಳೆದರು? ಬ್ರಿಟಿಷರ ಕಾಲದ ಸರ್ವೆ ಆಫ್ ಇಂಡಿಯಾ ಒಂಬತ್ತು ಬಂದರುಗಳಲ್ಲಿ ಗೇಜು ಇಟ್ಟು, ವರ್ಷಗಟ್ಟಲೆ ಉಬ್ಬರ ಇಳಿತ ಬರೆದು, ಅವುಗಳ ಸರಾಸರಿ ತೆಗೆದು 1909ರ ಹೊತ್ತಿಗೆ ಇಡೀ ದೇಶಕ್ಕೆ ಒಂದು ಸೊನ್ನೆ ಮಟ್ಟವನ್ನು ಗೊತ್ತುಮಾಡಿತು. ಆ ಒಂಬತ್ತರಲ್ಲಿ ನಮ್ಮ ಕಾರವಾರ ಒಂದು. ಇನ್ನೊಂದು ನಾಗಪಟ್ಟಿಣ.

ನೀರಾವರಿ ಇಲಾಖೆಯಲ್ಲಿ ನನ್ನ ಕೆಲಸವೆಲ್ಲ ಈ ಮಟ್ಟಗಳ ಜೊತೆಗೇ ಕಳೆಯಿತು. ಹಿಂದೆ ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ಗೇಜು ನೋಡುವುದು, ಬರೆಯುವುದು, ಮೇಲಿನವರಿಗೆ ತಿಳಿಸುವುದು. 2004ರ ಡಿಸೆಂಬರ್ 26ರ ಭಾನುವಾರ ನಾಗಪಟ್ಟಿಣದ ಸುನಾಮಿಯ ಸುದ್ದಿ ಟೀವಿಯಲ್ಲಿ ಬರತೊಡಗಿದಾಗ ನನಗೆ ಮೊದಲು ಹೊಳೆದದ್ದು ಅಲ್ಲಿನ ಗೇಜು. ಅದು ಏನು ಬರೆದಿರಬಹುದು? ಅದನ್ನು ಯಾರು ನೋಡುತ್ತಿದ್ದರು? ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಅಂದು ನೀರು ನುಗ್ಗಿದ ದಡ ನಮ್ಮ ಹೊಳೆಯದೇ ದಡ. ಶಿವನಸಮುದ್ರದಲ್ಲಿ ಧುಮುಕಿ, ಶಿಂಷೆಯನ್ನು ಸೇರಿಸಿಕೊಂಡು ಹೋಗುವ ಕಾವೇರಿ ಕಡಲು ಕಾಣುವುದು ಪೂಂಪುಹಾರಿನಲ್ಲಿ. ಅದು ಆಗ ನಾಗಪಟ್ಟಿಣ ಜಿಲ್ಲೆಗೇ ಸೇರಿತ್ತು.

ಗೇಜಿನ ಬಾವಿಯನ್ನು ಸ್ವಲ್ಪ ವಿವರಿಸುತ್ತೇನೆ. ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಹರಿಯುವ ನಾಲೆಗೆ ನೇರವಾಗಿ ಅಳತೆಕೋಲು ಇಟ್ಟರೆ ನೀರು ಕುಣಿಯುತ್ತಿರುತ್ತದೆ, ಅರ್ಧ ಅಡಿ ಮೇಲೆ ಕೆಳಗೆ ಆಗಿ ಅಂಕಿ ನಿಲ್ಲುವುದಿಲ್ಲ. ಅದಕ್ಕೇ ದಡದಲ್ಲಿ ಒಂದು ಸಣ್ಣ ಬಾವಿ ಕಟ್ಟುತ್ತಾರೆ. ನಾಲೆಗೂ ಬಾವಿಗೂ ನಡುವೆ ತಳದಲ್ಲಿ ಒಂದೇ ಒಂದು ಕಿರಿದಾದ ಕೊಳವೆ. ಹೊರಗಿನ ಕಿರುಅಲೆ ಆ ಕೊಳವೆಯಲ್ಲಿ ತೂರುವುದರೊಳಗೆ ಸತ್ತುಹೋಗುತ್ತದೆ. ನಿಧಾನವಾಗಿ ಏರುವ, ಇಳಿಯುವ ಮಟ್ಟ ಮಾತ್ರ ಒಳಗೆ ಬರುತ್ತದೆ. ಬಾವಿಯೊಳಗೆ ಒಂದು ತೇಲುಬುರುಡೆ, ಅದಕ್ಕೆ ತಂತಿ, ತಂತಿಗೆ ಮುಳ್ಳು, ಮುಳ್ಳಿನ ಮುಂದೆ ಗಡಿಯಾರದಂತೆ ತಿರುಗುವ ಕಾಗದದ ಉರುಳೆ. ಹೊರಗೆ ಗಾಳಿಮಳೆ ಏನೇ ಇರಲಿ, ಕಾಗದದ ಮೇಲೆ ಶಾಯಿಯ ಗೆರೆ ಶಾಂತವಾಗಿ ಹೋಗುತ್ತಿರುತ್ತದೆ. ನಾಗಪಟ್ಟಿಣದಲ್ಲೂ ಚೆನ್ನೈನಲ್ಲೂ ಬ್ರಿಟಿಷರ ಕಾಲದಲ್ಲಿ ಇಟ್ಟಿದ್ದು ಇದೇ ಬಗೆಯ ಗೇಜು.

1881ರ ಡಿಸೆಂಬರ್ 31ರಂದು ಆ ಶಾಂತ ಗೆರೆ ಕದಲಿತು. ಕಾರ್ ನಿಕೋಬಾರ್ ಬಳಿ ಕಡಲ ತಳದಲ್ಲಿ ಭೂಕಂಪವಾಗಿತ್ತು. ಬಂಗಾಳ ಕೊಲ್ಲಿಯ ಸುತ್ತಲಿನ ಎಂಟು ಗೇಜುಗಳು ಅದರಿಂದ ಹುಟ್ಟಿದ ಅಲೆಯನ್ನು ಬರೆದುಕೊಂಡವು. ಅತಿ ದೊಡ್ಡ ಏರು ಸುಮಾರು 80 ಸೆಂಟಿಮೀಟರ್. ಆಗ ಈ ಭಾಗದಲ್ಲಿ ಭೂಕಂಪಮಾಪಕವೇ ಇರಲಿಲ್ಲ. ಆದರೂ 2003ರಲ್ಲಿ ಮೊಡೆಸ್ಟೊ ಒರ್ಟಿಜ್ ಮತ್ತು ರೋಜರ್ ಬಿಲ್ಹಮ್ ಎಂಬ ಇಬ್ಬರು ವಿಜ್ಞಾನಿಗಳು ಆ ಹಳೆಯ ಕಾಗದಗಳಿಂದ ಹಿಂದಕ್ಕೆ ಲೆಕ್ಕ ಹಾಕಿ, ಭೂಕಂಪದ ಪ್ರಮಾಣ 7.9 ಎಂದು ತೋರಿಸಿದರು. ಯಾರೋ ಗೇಜು ನೋಡುವವನು ದಿನ ತಪ್ಪದೆ ಗಡಿಯಾರಕ್ಕೆ ಕೀಲಿ ಕೊಟ್ಟು, ಕಾಗದ ಬದಲಿಸಿ, ಶಾಯಿ ತುಂಬಿದ ಫಲ ಅದು. ಆ ಸಂಶೋಧನೆ ಅಚ್ಚಾದ ಮರುವರ್ಷವೇ ಅದೇ ಸಾಲಿನಲ್ಲಿ ಮಹಾಕಂಪ ಬಂತು.

ಭಾರತವನ್ನು ಹೊತ್ತ ಭೂಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಉತ್ತರದಲ್ಲಿ ಅದು ಟಿಬೆಟ್ಟಿಗೆ ಒತ್ತಿ ಹಿಮಾಲಯವನ್ನು ಎಬ್ಬಿಸಿದರೆ, ಪೂರ್ವದಲ್ಲಿ ಸುಮಾತ್ರಾ, ನಿಕೋಬಾರ್, ಅಂಡಮಾನ್ ಸಾಲಿನ ಅಡಿಗೆ ನುಗ್ಗುತ್ತದೆ. ನುಗ್ಗುವುದು ನಯವಾಗಿ ನಡೆಯುವುದಿಲ್ಲ. ಎರಡು ಫಲಕಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ. ಕೆಳಗಿನದು ಇಳಿಯುತ್ತಲೇ ಮೇಲಿನದರ ಅಂಚನ್ನೂ ತನ್ನ ಜೊತೆ ಎಳೆದು ಬಗ್ಗಿಸುತ್ತದೆ. ನೂರಾರು ವರ್ಷ ಹೀಗೆ ಬಗ್ಗಿದ ಅಂಚು ಒಂದು ದಿನ ಕಚ್ಚು ಬಿಟ್ಟು ಮೇಲಕ್ಕೆ ಚಿಮ್ಮುತ್ತದೆ. ಅದರ ಹಿಂದಿನ ಭಾಗ ಅದೇ ಹೊತ್ತಿಗೆ ಕೆಳಕ್ಕೆ ಕುಸಿಯುತ್ತದೆ.

2004ರ ಅಂದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 6 ಗಂಟೆ 28 ನಿಮಿಷ 53 ಸೆಕೆಂಡಿಗೆ ಉತ್ತರ ಸುಮಾತ್ರಾದ ಕಡಲಲ್ಲಿ, ಸುಮಾರು 30 ಕಿಲೋಮೀಟರ್ ಆಳದಲ್ಲಿ ಆ ಕಚ್ಚು ಬಿಟ್ಟಿತು. ಬಿರುಕು ಅಲ್ಲಿಗೇ ನಿಲ್ಲದೆ ಉತ್ತರಕ್ಕೆ ಓಡಿತು. ಸುಮಾರು 1,300 ಕಿಲೋಮೀಟರ್ ಉದ್ದ ಹರಿಯುವುದಕ್ಕೆ ಎಂಟು ಹತ್ತು ನಿಮಿಷ ಹಿಡಿಯಿತು. ನಿಕೋಬಾರಿನ ದಕ್ಷಿಣ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿದು, ದಡದ ದೀಪಸ್ತಂಭ ನೀರಿನಲ್ಲಿ ನಿಂತಿತು. ಪೋರ್ಟ್ ಬ್ಲೇರ್ ಸುಮಾರು ಒಂದು ಮೀಟರ್ ತಗ್ಗಿತು. ಉತ್ತರ ಅಂಡಮಾನಿನ ಪಶ್ಚಿಮ ದಡದಲ್ಲಿ ಮಾತ್ರ ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದು ಒಣಗಿದವು. ಬೆಂಚ್‌ಮಾರ್ಕನ್ನೇ ನಂಬಿ ಬದುಕಿದ ನನ್ನಂಥವನಿಗೆ ಈ ವಿವರದಷ್ಟು ನಡುಕ ಹುಟ್ಟಿಸುವುದು ಬೇರೊಂದಿಲ್ಲ.

ಮೇಲೆದ್ದ ಕಡಲ ತಳ ತನ್ನ ಮೇಲಿನ ನೀರನ್ನೆಲ್ಲ ಎತ್ತಿತು. ಒಂದು ಅಂದಾಜಿನಂತೆ ಹಾಗೆ ಸ್ಥಾನಪಲ್ಲಟವಾದ ನೀರು ಸುಮಾರು 30 ಘನ ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಸಾವಿರ ಟಿಎಂಸಿಗೂ ಮೇಲೆ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದಾಗ ಇರುವುದು 49.45 ಟಿಎಂಸಿ. ಗಾಳಿ ಎಬ್ಬಿಸುವ ಅಲೆ ನೀರಿನ ಮೇಲ್ಪದರವನ್ನಷ್ಟೇ ಕದಲಿಸುತ್ತದೆ. ಸುನಾಮಿಯಲ್ಲಿ ತಳದಿಂದ ಮೇಲಿನವರೆಗೆ ಇಡೀ ನೀರಿನ ಕಂಬವೇ ಚಲಿಸುತ್ತದೆ.

ಇದನ್ನು ನಾಲೆಯ ಮೇಲೆ ಕೆಲಸ ಮಾಡಿದ ಯಾವ ನೀರುಗಂಟಿಯೂ ಅರ್ಥಮಾಡಿಕೊಳ್ಳುತ್ತಾನೆ. ಮೇಲಿನ ಗೇಟನ್ನು ತಟ್ಟನೆ ಎತ್ತಿದರೆ ನಾಲೆಯುದ್ದಕ್ಕೂ ಒಂದು ಏರು ಹೊರಡುತ್ತದೆ. ನೋಡಿದರೆ ಅಲೆಯೇ ಅಲ್ಲ, ನೀರು ನಾಲ್ಕು ಬೆರಳು ಉಬ್ಬಿದಂತೆ ಅಷ್ಟೇ. ಅದರ ವೇಗ ನೀರಿನ ಆಳವನ್ನು ಅವಲಂಬಿಸುತ್ತದೆ. ಆಳವನ್ನು ಗುರುತ್ವದ 9.8ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಎಷ್ಟು ಮೀಟರ್ ಎಂದು ಸಿಗುತ್ತದೆ. ಎರಡು ಮೀಟರ್ ಆಳದ ನಾಲೆಯಲ್ಲಿ ಗಂಟೆಗೆ 16 ಕಿಲೋಮೀಟರ್, ಹರಿವಿನ ವೇಗ ಸೇರಿದರೆ ಇನ್ನಷ್ಟು. ಸುನಾಮಿಗೂ ಇದೇ ಸೂತ್ರ. ನಾಲ್ಕು ಸಾವಿರ ಮೀಟರ್ ಆಳದ ಕಡಲಿನಲ್ಲಿ ಗಂಟೆಗೆ 700 ಕಿಲೋಮೀಟರ್ ದಾಟುತ್ತದೆ, ವಿಮಾನದ ಓಟ. ಆಳ 50 ಮೀಟರಿಗೆ ಬಂದಾಗ 80 ಕಿಲೋಮೀಟರ್, 10 ಮೀಟರಿನಲ್ಲಿ 36. ಮುಂದಿನದು ನಿಧಾನವಾಗುತ್ತದೆ, ಹಿಂದಿನದು ವೇಗದಲ್ಲೇ ಬಂದು ಒತ್ತುತ್ತದೆ. ಉದ್ದದಲ್ಲಿದ್ದ ಶಕ್ತಿ ಎತ್ತರಕ್ಕೆ ತಿರುಗುತ್ತದೆ.

ನಡುಗಡಲಿನಲ್ಲಿ ಅದು ಎಷ್ಟು ಎತ್ತರವಿತ್ತು ಎಂಬುದಕ್ಕೂ ಅಳತೆ ಇದೆ. ಭೂಕಂಪವಾಗಿ ಸುಮಾರು ಎರಡು ಗಂಟೆಯ ಮೇಲೆ ಜೇಸನ್-1 ಮತ್ತು ಟೋಪೆಕ್ಸ್ ಪೊಸೈಡಾನ್ ಉಪಗ್ರಹಗಳು ಬಂಗಾಳ ಕೊಲ್ಲಿಯ ಮೇಲೆ ಹಾದುಹೋದವು. ಅವು ಕಂಡದ್ದು ಸುಮಾರು 60 ಸೆಂಟಿಮೀಟರಿನ ಏರು. ನೂರಾರು ಕಿಲೋಮೀಟರ್ ಉದ್ದಕ್ಕೆ ಹರಡಿದ ಈ ಉಬ್ಬು ಹಡಗಿನಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಆ ಅಳತೆ ಭೂಮಿಗೆ ಇಳಿದು ಲೆಕ್ಕವಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಇನ್ನು ಭೂಕಂಪದ ಅಳತೆ. ಚಾರ್ಲ್ಸ್ ರಿಕ್ಟರ್ 1935ರಲ್ಲಿ ಕ್ಯಾಲಿಫೋರ್ನಿಯಾದ ಕಂಪನಗಳಿಗೆಂದು ಮಾಡಿದ ಮಾಪಕದ ಹೆಸರು ನಮ್ಮ ಪತ್ರಿಕೆಗಳಲ್ಲಿ ಇಂದಿಗೂ ಓಡಾಡುತ್ತದೆ. ಅಂಕಿ ಒಂದು ಏರಿದರೆ ಕಂಪನದ ಗೆರೆ ಹತ್ತು ಪಟ್ಟು ದೊಡ್ಡದು, ಬಿಡುಗಡೆಯಾದ ಶಕ್ತಿ ಸುಮಾರು 32 ಪಟ್ಟು ಹೆಚ್ಚು. ಗುಜರಾತಿನ ಭುಜ್ ನಡುಗಿದ ಮೂರನೆಯ ದಿನ, 2001ರ ಜನವರಿ 29ರ ಬೆಳಿಗ್ಗೆ ಎಂಟರ ಸುಮಾರಿಗೆ ನಮ್ಮ ಮಂಡ್ಯ ಸೀಮೆಯಲ್ಲೂ ಭೂಮಿ ನಡುಗಿದ್ದು ಹಲವರಿಗೆ ನೆನಪಿರಬೇಕು. ಪಾತ್ರೆ ಅಲುಗಿ ಜನ ಬೀದಿಗೆ ಬಂದಿದ್ದರು. ಅದರ ಪ್ರಮಾಣ 4.3. 2004ರ ಸುಮಾತ್ರಾದ್ದು 9.1. ಶಕ್ತಿಯ ಲೆಕ್ಕದಲ್ಲಿ ಎರಡರ ನಡುವೆ ಒಂದೂವರೆ ಕೋಟಿ ಪಟ್ಟಿನ ಅಂತರ.

ಆದರೆ ಆ 9.1 ಎಂಬ ಅಂಕಿ ಅಂದು ಬೆಳಿಗ್ಗೆ ಯಾರ ಕೈಯಲ್ಲೂ ಇರಲಿಲ್ಲ. ಹವಾಯಿಯಲ್ಲಿದ್ದ ಪೆಸಿಫಿಕ್ ಸುನಾಮಿ ಕೇಂದ್ರ ಹದಿನೈದೇ ನಿಮಿಷದಲ್ಲಿ ಪ್ರಕಟಣೆ ಕೊಟ್ಟಿತು, ಪ್ರಮಾಣ 8.0 ಎಂದು. ಒಂದು ಗಂಟೆ ಕಳೆದ ಮೇಲೆ 8.5 ಎಂದು ತಿದ್ದಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಲೆಕ್ಕದಿಂದ 8.9 ಎಂದು ತಿಳಿಯುವಾಗ ನಾಲ್ಕೂವರೆ ಗಂಟೆ ಆಗಿತ್ತು. 8.0ಕ್ಕೂ 9.1ಕ್ಕೂ ಶಕ್ತಿಯಲ್ಲಿ ನಲವತ್ತೈದು ಪಟ್ಟಿನ ವ್ಯತ್ಯಾಸ.

ಇಷ್ಟು ದೊಡ್ಡ ಉಪಕರಣಗಳು ಎಡವಿದ್ದು ಹೇಗೆ? ಭೂಕಂಪದಿಂದ ಗಿಡ್ಡ ಅಲೆಗಳೂ ಹೊರಡುತ್ತವೆ, ಉದ್ದ ಅಲೆಗಳೂ ಹೊರಡುತ್ತವೆ. ಸೆಕೆಂಡಿಗೊಮ್ಮೆ ಅದುರುವ ಗಿಡ್ಡ ಅಲೆ ಬೇಗ ಕೈಗೆ ಸಿಗುತ್ತದೆ, ಹಳೆಯ ಪದ್ಧತಿಗಳು ಅದನ್ನೇ ಅಳೆಯುತ್ತಿದ್ದವು. ಆದರೆ ಬಿರುಕು ನೂರು ಕಿಲೋಮೀಟರ್ ಇದ್ದರೂ ಸಾವಿರ ಕಿಲೋಮೀಟರ್ ಇದ್ದರೂ ಗಿಡ್ಡ ಅಲೆ ಒಂದು ಮಿತಿಯ ಮೇಲೆ ಬೆಳೆಯುವುದಿಲ್ಲ. ಮಾಪಕ ಅಲ್ಲಿಗೇ ತುಂಬಿ ನಿಂತುಬಿಡುತ್ತದೆ. ಕಂಪದ ನಿಜವಾದ ಗಾತ್ರ ಇರುವುದು ನೂರಾರು ಸೆಕೆಂಡಿಗೊಮ್ಮೆ ಏರಿಳಿಯುವ ಉದ್ದ ಅಲೆಗಳಲ್ಲಿ. ಗೇಜಿನ ಬಾವಿ ಕಲಿಸುವುದೂ ಇದನ್ನೇ: ಕುಣಿತ ಬಿಟ್ಟು ನಿಧಾನದ ಏರು ನೋಡಬೇಕು. ಹಿರೂ ಕನಮೊರಿ ಮತ್ತು ಥಾಮಸ್ ಹ್ಯಾಂಕ್ಸ್ 1979ರಲ್ಲಿ ರೂಪಿಸಿದ ಮಾಪಕ ಬಿರುಕಿನ ವಿಸ್ತೀರ್ಣ, ಜಾರಿದ ದೂರ, ಬಂಡೆಯ ಬಿಗಿತ ಮೂರನ್ನೂ ಗುಣಿಸಿ ಪ್ರಮಾಣ ಹೇಳುತ್ತದೆ. ಈಗ ಜಗತ್ತು ಬಳಸುವುದು ಅದನ್ನೇ. ಆದರೆ ಉದ್ದ ಅಲೆ ಅಳೆಯುವುದಕ್ಕೆ ಕಾಯಬೇಕು, ಸುನಾಮಿಯ ಮುಂದೆ ಕಾಯುವ ಪ್ರತಿ ನಿಮಿಷಕ್ಕೂ ಬೆಲೆ ಇದೆ. ಜಪಾನಿನಂಥ ದೇಶಕ್ಕೇ 2011ರ ಮಾರ್ಚ್ 11ರಂದು ಇದರ ಪೆಟ್ಟು ಬಿತ್ತು. ಮೂರು ನಿಮಿಷದಲ್ಲಿ ಅವರು ಹೇಳಿದ ಪ್ರಮಾಣ 7.9, ಆಮೇಲೆ ತಿಳಿದದ್ದು 9.0. ಮೊದಲ ಎಚ್ಚರಿಕೆಯಲ್ಲಿ ಕೆಲವು ಕಡಲತೀರಗಳಿಗೆ ಮೂರು ಮೀಟರ್ ಅಲೆ ಎಂದಿತ್ತು. ಮೂರೇ ಮೀಟರ್ ತಾನೆ ಎಂದು ತಡೆಗೋಡೆ ನಂಬಿ ಉಳಿದವರಿದ್ದರು.

2004ರ ಆ ಬೆಳಿಗ್ಗೆಯ ಗಡಿಯಾರವನ್ನು ಮಂಡ್ಯದಿಂದ ನೋಡಿ. ಸುಮಾತ್ರಾದ ಕೇಂದ್ರದಿಂದ ನಮಗೆ ಸುಮಾರು 2,300 ಕಿಲೋಮೀಟರ್. ಮೊದಲ ಕಂಪನ ಭೂಮಿಯೊಳಗಿನಿಂದ ಹಾದು ಐದು ನಿಮಿಷದೊಳಗೆ ಇಲ್ಲಿನ ಕಬ್ಬಿನ ಗದ್ದೆಗಳ ಅಡಿಗೆ ಬಂದಿತ್ತು. ಹತ್ತು ನಿಮಿಷದ ಆಸುಪಾಸಿನಲ್ಲಿ ಮೇಲ್ಮೈಯ ಉದ್ದ ಅಲೆಗಳು ಬಂದವು. ಶ್ರೀಲಂಕಾದಲ್ಲಿ ಅವು ನೆಲವನ್ನು ಒಂಬತ್ತು ಸೆಂಟಿಮೀಟರಿನವರೆಗೆ ಎತ್ತಿ ಇಳಿಸಿದ್ದು ದಾಖಲಾಗಿದೆ. ಅಷ್ಟು ನಿಧಾನದ ಏರಿಳಿತ ಮನುಷ್ಯನಿಗೆ ತಿಳಿಯುವುದಿಲ್ಲ. ನೀರು ಚೆನ್ನೈ ಬಂದರಿನ ಗೇಜಿಗೆ ತಾಗಿದ್ದು ಒಂಬತ್ತು ಗಂಟೆ ದಾಟಿದ ಮೇಲೆ. ಕಂಪನಕ್ಕೂ ನೀರಿಗೂ ನಡುವೆ ಎರಡೂವರೆ ಗಂಟೆ. ಮಂಡ್ಯದಿಂದ ರೈಲಿನಲ್ಲಿ ಬೆಂಗಳೂರು ಸೇರಿಬಿಡಬಹುದಾದಷ್ಟು ಹೊತ್ತು. ದೇಶದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಆರು ಸಾವಿರಕ್ಕೂ ಹೆಚ್ಚು ನಾಗಪಟ್ಟಿಣ ಜಿಲ್ಲೆಯಲ್ಲೇ. ಕ್ರಿಸ್ಮಸ್ಸಿನ ಮರುದಿನವಾದ್ದರಿಂದ ವೇಳಾಂಕಣಿಯ ತೀರದಲ್ಲಿ ದೂರದೂರದ ಯಾತ್ರಿಕರು ತುಂಬಿದ್ದರು. ಈ ಸಾವುಗಳು ತಪ್ಪಿಸಬಹುದಾಗಿದ್ದ ಸಾವುಗಳು. ಹಿಂದೂ ಮಹಾಸಾಗರಕ್ಕೆ ಆಗ ಎಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲ.

ಉಳಿದವರ ಕಷ್ಟ ನಮ್ಮ ಕಡೆಯ ರೈತರಿಗೆ ಬೇಗ ತಿಳಿಯುತ್ತದೆ. ಕಡಲ ನೀರು ನಿಂತ ಭತ್ತದ ಗದ್ದೆಗಳು ಒಂದೇ ದಿನದಲ್ಲಿ ಚೌಳಾದವು. ನಾಲೆಯ ತಗ್ಗಿನಲ್ಲಿ ಬಸಿನೀರು ನಿಂತು ವರ್ಷಗಟ್ಟಲೆಯಲ್ಲಿ ಬೆಳ್ಳಗೆ ಉಪ್ಪು ಏಳುವುದನ್ನು ನಮ್ಮಲ್ಲೂ ನೋಡಿದ್ದೇವೆ, ಬಸಿಗಾಲುವೆ ತೆಗೆದು, ಜಿಪ್ಸಂ ಹಾಕಿ, ಡಯಾಂಚ ಉತ್ತು ಸರಿಮಾಡಿಕೊಂಡಿದ್ದೇವೆ. ಕಾವೇರಿ ಬಯಲಿನ ಆ ತುದಿಯವರೂ ಇದೇ ದಾರಿ ಹಿಡಿದರು, ಮಳೆಗೆ ಉಪ್ಪು ತೊಳೆಯಲು ಬಿಟ್ಟರು.

ದೊಡ್ಡ ಭೂಕಂಪವಾದರೆ ದೊಡ್ಡ ಸುನಾಮಿ ಬಂದೇ ತೀರುತ್ತದೆ ಎಂದೂ ಇಲ್ಲ. 2012ರ ಏಪ್ರಿಲ್ 11ರ ಮಧ್ಯಾಹ್ನ 2 ಗಂಟೆ 8 ನಿಮಿಷಕ್ಕೆ ಅದೇ ಸುಮಾತ್ರಾದ ಪಶ್ಚಿಮಕ್ಕೆ 8.6ರ ಕಂಪವಾಯಿತು. ಬೆಂಗಳೂರಿನ ಕಚೇರಿಗಳಿಂದ ಜನ ಮೆಟ್ಟಿಲಿಳಿದು ರಸ್ತೆಗೆ ಬಂದರು. ನಮ್ಮೂರುಗಳಲ್ಲಿ ಮಕ್ಕಳಿಗೆ ಫೋನು ಮಾಡದ ಮನೆ ಇರಲಿಲ್ಲ. ಆದರೆ ಸುಮಾತ್ರಾದ ತೀರದಲ್ಲೇ ಅಲೆ ಒಂದು ಮೀಟರಿನ ಆಸುಪಾಸಿನಲ್ಲಿ ನಿಂತಿತು. ಅಲ್ಲಿ ಒಂದು ಬದಿ ಇನ್ನೊಂದರ ಪಕ್ಕಕ್ಕೆ ಜಾರಿತ್ತು, ತಳ ಮೇಲೇಳಲಿಲ್ಲ, ನೀರನ್ನು ಎತ್ತಲಿಲ್ಲ. ಹಾಗಾಗಿ ಭೂಕಂಪದ ಅಂಕಿಯೊಂದೇ ಸಾಲದು, ಕಡಲಿನ ಮಟ್ಟ ನಿಜಕ್ಕೂ ಕದಲಿತೇ ಎಂದು ನೋಡಲೇಬೇಕು.

ಈಗ ನೋಡುತ್ತಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಲ್ಲಿ 2007ರ ಅಕ್ಟೋಬರ್ 15ರಿಂದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಹಗಲೂ ರಾತ್ರಿ ನಡೆಯುತ್ತಿದೆ. ಭೂಕಂಪವಾದ ಸುಮಾರು ಹತ್ತು ನಿಮಿಷದಲ್ಲಿ ಜಾಗ, ಆಳ, ಪ್ರಮಾಣ ಲೆಕ್ಕವಾಗುತ್ತದೆ. ಮೊದಲೇ ಲೆಕ್ಕ ಹಾಕಿಟ್ಟ ಸಾವಿರಾರು ಸನ್ನಿವೇಶಗಳಲ್ಲಿ ಹೊಂದುವುದನ್ನು ತೆಗೆದು ಯಾವ ದಡಕ್ಕೆ ಎಷ್ಟು ಹೊತ್ತಿನಲ್ಲಿ ಎಷ್ಟು ನೀರು ಎಂದು ಹೇಳುತ್ತಾರೆ. ಆ ಮೇಲೆ ಕಡಲೇ ಸಾಕ್ಷಿ ಹೇಳಬೇಕು. ಮೂರು ನಾಲ್ಕು ಕಿಲೋಮೀಟರ್ ಆಳದ ಕಡಲ ತಳದಲ್ಲಿ ಒತ್ತಡ ಅಳೆಯುವ ಪೆಟ್ಟಿಗೆಗಳನ್ನು ಕೂರಿಸಿದ್ದಾರೆ. ಮೇಲಿನ ನೀರು ಒಂದು ಸೆಂಟಿಮೀಟರ್ ಏರಿದರೂ ತಳದ ಒತ್ತಡ ಅಷ್ಟೇ ಏರುತ್ತದೆ, ಪೆಟ್ಟಿಗೆಯೊಳಗಿನ ಸ್ಫಟಿಕ ಅದನ್ನು ಹಿಡಿಯುತ್ತದೆ. ಅಳತೆ ಶಬ್ದದ ರೂಪದಲ್ಲಿ ಮೇಲಿನ ತೇಲುಬುರುಡೆಗೆ, ಅಲ್ಲಿಂದ ಉಪಗ್ರಹಕ್ಕೆ, ಅಲ್ಲಿಂದ ಹೈದರಾಬಾದಿಗೆ. ಗಾಳಿಯಲೆಯ ಕುಣಿತ ಅಷ್ಟು ಆಳಕ್ಕೆ ಇಳಿಯುವುದೇ ಇಲ್ಲ. ಇಡೀ ಸಮುದ್ರವೇ ಅದಕ್ಕೆ ಗೇಜಿನ ಬಾವಿ.

ಈ ಕೆಲಸದಲ್ಲಿ ನಮ್ಮ ನೆಲಕ್ಕೂ ಒಂದು ಗುಣವಿದೆ. ಮಂಡ್ಯದಿಂದ ಗೌರಿಬಿದನೂರಿನವರೆಗೆ ಹಬ್ಬಿರುವ ಬಂಡೆ 250ರಿಂದ 300 ಕೋಟಿ ವರ್ಷ ಹಳೆಯದು, ಗಟ್ಟಿ, ಸದ್ದಿಲ್ಲದ್ದು. ದೂರದ ಸಣ್ಣ ಕಂಪನವೂ ಇದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಅದಕ್ಕೇ ಮುಂದೆ ಭಾಭಾ ಅಣು ಸಂಶೋಧನಾ ಕೇಂದ್ರ ಎಂದು ಹೆಸರಾದ ಸಂಸ್ಥೆ ಬ್ರಿಟನ್ನಿನ ಸಹಕಾರದಿಂದ 1965ರಲ್ಲಿ ಗೌರಿಬಿದನೂರಿನಲ್ಲಿ ಇಪ್ಪತ್ತು ಭೂಕಂಪಮಾಪಕಗಳನ್ನು ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ನೆಟ್ಟಿತು. ಮುಖ್ಯ ಉದ್ದೇಶ ಭೂಮಿಯೊಳಗಿನ ಅಣು ಪರೀಕ್ಷೆಗಳನ್ನು ಹಿಡಿಯುವುದು. ಒಂದೇ ಕಂಪನ ಒಂದೊಂದು ಮಾಪಕಕ್ಕೆ ಎಷ್ಟು ಹಿಂದೆ ಮುಂದೆ ತಾಗಿತು ಎಂಬುದರಿಂದ ಅದು ಬಂದ ದಿಕ್ಕು ತಿಳಿಯುತ್ತದೆ. ಸ್ಫೋಟವಾದರೆ ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪವಾದರೆ ಕೆಲವು ದಿಕ್ಕಿಗೆ ತಳ್ಳಿ, ಕೆಲವು ದಿಕ್ಕಿನಿಂದ ಎಳೆಯುತ್ತದೆ. ಗೆರೆಯ ಮೊದಲ ಚಲನೆಯಲ್ಲೇ ಇದರ ಸುಳಿವಿರುತ್ತದೆ. ಕೆಆರ್‌ಎಸ್ ಬಳಿ 2018ರಲ್ಲಿ ಭಾರಿ ಸದ್ದು ಕೇಳಿ ಜನ ಹೆದರಿದಾಗ, ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಅಲ್ಲಿಟ್ಟಿದ್ದ ಮಾಪಕದ ಗೆರೆ ನೋಡಿ ಗಮನವನ್ನು ಕಲ್ಲುಗಣಿಗಳ ಕಡೆ ತಿರುಗಿಸಿದ್ದು ಇಂಥ ಓದಿನಿಂದಲೇ.

ನಮ್ಮ ರಾಜ್ಯದ ಕರಾವಳಿಗೆ 2004ರಲ್ಲಿ ತಲುಪಿದ್ದು ಶ್ರೀಲಂಕಾ, ಕನ್ಯಾಕುಮಾರಿಯನ್ನು ಬಳಸಿ ಬಂದು ಬಲ ಕಳೆದುಕೊಂಡ ಅಲೆ. ಕೇರಳದ ಕೊಲ್ಲಂ ಕಡೆ ಅದೇ ಅಲೆ ಅನೇಕರನ್ನು ಕೊಂದಿತ್ತು. ಕಾರವಾರ, ಉಡುಪಿ, ಮಂಗಳೂರಿನವರು ಲೆಕ್ಕಕ್ಕೆ ಇಟ್ಟುಕೊಳ್ಳಬೇಕಾದ್ದು ಪಶ್ಚಿಮದ ಮಕ್ರಾನ್ ಕಂದಕವನ್ನು. 1945ರ ನವೆಂಬರ್ 28ರಂದು ಅಲ್ಲಿ 8.1ರ ಕಂಪವಾಗಿ ಎದ್ದ ಸುನಾಮಿ ಮುಂಬಯಿಯಲ್ಲಿ ಜೀವ ತೆಗೆಯಿತು, ಕಾರವಾರದಲ್ಲೂ ಕಂಡುಬಂತು. ಮುಂಬಯಿಗೆ ಅದು ತಲುಪಲು ಸುಮಾರು ಐದು ಗಂಟೆ ಹಿಡಿದಿತ್ತು. ಆಗ ಆ ಐದು ಗಂಟೆಯನ್ನು ಬಳಸಿಕೊಳ್ಳುವವರು ಇರಲಿಲ್ಲ. ಈಗ ಇದ್ದಾರೆ, ಎಚ್ಚರಿಕೆ ಕೊನೆಯ ದೋಣಿಯವರೆಗೆ ಮುಟ್ಟಬೇಕು ಅಷ್ಟೇ. ಕಟ್ಟೆಯಿಂದ ಹೊಳೆಗೆ ನೀರು ಬಿಡುವಾಗ ದಡದ ಊರುಗಳಲ್ಲಿ ಡಂಗುರ ಸಾರಿಸಿದ ನಮಗೆ ಆ ಕೊನೆಯ ಹೆಜ್ಜೆಯ ಕಷ್ಟ ಗೊತ್ತು. ಒಡಿಶಾದ ವೆಂಕಟರಾಯಪುರ, ನೋಲಿಯಾಸಾಹಿ ಎಂಬ ಎರಡು ಹಳ್ಳಿಗಳು ಓಡುವ ದಾರಿ ಗುರುತಿಸಿ, ಅಣಕು ಅಭ್ಯಾಸ ಮಾಡಿ 2020ರಲ್ಲಿ ಯುನೆಸ್ಕೋದಿಂದ ಸುನಾಮಿಗೆ ಸಿದ್ಧ ಎಂಬ ಮನ್ನಣೆ ಪಡೆದವು. ನಮ್ಮ ಕರಾವಳಿಯ ಪ್ರತಿ ಮೀನುಗಾರರ ಕೇರಿಯಲ್ಲೂ ಅದಾಗಬೇಕು ಎಂಬುದು ನನ್ನ ಆಸೆ.

ಮಂಡ್ಯದಿಂದ ವರ್ಷವಿಡೀ ರಾಮೇಶ್ವರ, ಕನ್ಯಾಕುಮಾರಿ, ವೇಳಾಂಕಣಿ, ಗೋಕರ್ಣ, ಮುರುಡೇಶ್ವರಕ್ಕೆ ಬಸ್ಸುಗಳು ಹೊರಡುತ್ತವೆ. ಅವುಗಳಲ್ಲಿ ಕೂತವರಿಗೆ ಇಷ್ಟು ಗೊತ್ತಿರಲಿ. ಕಡಲು ಹಿಂದೆ ಸರಿದರೆ ಓಡಬೇಕು ಎಂಬುದು ನಿಜ, ಆದರೆ ಅದನ್ನೇ ಕಾಯಬಾರದು. 2004ರಲ್ಲಿ ಮೇಲೆದ್ದ ತಳ ನಮ್ಮ ಕಡೆಗಿತ್ತು, ಕುಸಿದ ತಳ ಥಾಯ್ಲೆಂಡಿನ ಕಡೆಗಿತ್ತು. ಹಾಗಾಗಿ ಅಲ್ಲಿ ಮೊದಲು ನೀರು ಸರಿಯಿತು, ನಮ್ಮ ಪೂರ್ವ ತೀರಕ್ಕೆ ಮೊದಲು ಬಂದದ್ದೇ ಏರು. ದಡದಲ್ಲಿದ್ದಾಗ ನೆಲ ಬಹಳ ಹೊತ್ತು ನಡುಗಿದರೆ, ಸೈರನ್ ಕೂಗಿದರೆ, ಪೊಲೀಸರು ಹೊರಡಿ ಎಂದರೆ ಸಾಮಾನು ಬಿಟ್ಟು ಒಳನಾಡಿನ ಎತ್ತರಕ್ಕೆ ಹೋಗಿ. ಎತ್ತರದ ನೆಲ ಹತ್ತಿರವಿಲ್ಲದಿದ್ದರೆ ಗಟ್ಟಿಯಾದ ಕಾಂಕ್ರೀಟ್ ಕಟ್ಟಡದ ಮೂರನೇ ಮಹಡಿ ಹತ್ತಿ. ಒಂದು ಅಲೆ ಬಂದು ಹೋಯಿತೆಂದು ಇಳಿಯಬೇಡಿ. ಅಲೆಗಳು ಸರದಿಯಲ್ಲಿ ಬರುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ಅಂತರವಿರಬಹುದು, 2004ರಲ್ಲಿ ಹಲವು ಕಡೆ ಎರಡನೆಯದೇ ಮೊದಲಿನದಕ್ಕಿಂತ ದೊಡ್ಡದಾಗಿತ್ತು. ಅಪಾಯ ಮುಗಿಯಿತು ಎಂದು ಹೈದರಾಬಾದಿನ ಕೇಂದ್ರ ಗೇಜುಗಳನ್ನು ನೋಡಿ ಪ್ರಕಟಿಸುತ್ತದೆ. ಜಿಲ್ಲಾಡಳಿತ ಅದನ್ನು ಸಾರುವವರೆಗೆ ಮೇಲೆಯೇ ಇರಿ.